ಐವತ್ತಾರು ತ್ರಿಕೋನ

ಪೇಟೆಯ ಡೇರೆಗೆ ಆರು ಸಾವಿರ,
ತೂಕ ಎರಡೂವರೆ ಕಿಲೋ.
ತಾಡಪತ್ರಿ ಎತ್ತಿ ನೋಡಿದೆ:
ಹೊತ್ತರೆ ಕತ್ತೆ ನಾನೇ.
ನನಗೆ ಬೇಕಿದ್ದುದು ತಲೆಯ ಮೇಲೊಂದು ಅರಿವೆ,
ಒಂದು ರಾತ್ರಿಯ ಇಬ್ಬನಿಗೆ, ಬಂದರೆ ಒಂದು ಮಳೆಗೆ.

ಗುಳೇದಗುಡ್ಡದ ಬಜಾರದಲ್ಲಿ
ಖಣದ ಅಂಗಡಿಗಳ ನೆರಳು ಮುಗಿಯುವ ಕಡೆ
ದಾವಲಸಾಬರು ಛತ್ರಿ ರಿಪೇರಿಗೆ ಕೂಡುತ್ತಾರೆ.
ಬೆನ್ನ ಹಿಂದಿನ ಗೋಣಿಚೀಲದ ತುಂಬ
ಕೊಟ್ಟವರು ಮರಳಿ ಬಾರದ ಛತ್ರಿಗಳು.
"ಕಡ್ಡಿ ಮುರದಾವ, ಅರಿವಿ ಗಟ್ಟಿ ಐತ್ರಿ ಟೀಚರ,
ಹತ್ತು ರೂಪಾಯಿಗೊಂದು. ಏಳು ತಗೋರಿ, ನೆಟ್ಟಗಾಗತೈತಿ."

ಒಂದು ಛತ್ರಿಗೆ ಎಂಟು ಎಸಳು,
ಏಳೆಂಟಲೆ ಐವತ್ತಾರು.
ಒಂದರ ತಲೆ ಮೇಲೆ, ಮುಂದಿನದರ ತಲೆ ಕೆಳಗೆ,
ಹೀಗೆ ಕೂಡಿಸುತ್ತ ಹೋದರೆ ಪಟ್ಟಿ.
ತುದಿಗೆ ಓರೆ ಉಳಿಯಿತು.
ಅವರು ಒಂದು ಎಸಳನ್ನು ನಡುವೆ ಸೀಳಿ
ಆಚೆಗರ್ಧ ಈಚೆಗರ್ಧ ಹಚ್ಚಿದರು.
ಮಕ್ಕಳಿಗೆ ಕವಾಯತು ಕಲಿಸುವ ನಾನು
ಆ ಮಧ್ಯಾಹ್ನ ಕ್ಷೇತ್ರಫಲ ಕಲಿತೆ.

ಕಾಲು ಮಶೀನು ತುಳಿಯುತ್ತಿತ್ತು, ಬಾಯಿ ಹೆಸರು ಹಿಡಿದು ಹೇಳುತ್ತಿತ್ತು.
ಇದು ಟಪಾಲಿನ ಭಾಂಡಗೆಯವರದು, ಬೀಡಿ ತಾಗಿದ ಕಲೆ ನೋಡ್ರಿ.
ಇದು ಸಂಗವ್ವ ಸಿಸ್ಟರದು, ಊರಿನ ಅರ್ಧ ಹೆರಿಗಿ ಇದರ ಕೆಳಗ ನಡಕೋತ ಹೋಗ್ಯಾವ.
ಹಸಿರು ಅಂಚು ರಾಠಿ ಸೇಠರದು,
ಐದು ರೂಪಾಯಿಗೆ ಜಗಳಾಡಿ ಛತ್ರಿನೇ ಬಿಟ್ಟು ಹೋದರು.
ಇವೆರಡೂ ಹುಚ್ಚೇಶಪ್ಪ ಮಾಸ್ತರರದು:
ಒಂದು ಕಳದೈತಿ ಅಂತ ಇನ್ನೊಂದು ತಗೊಂಡರು,
ಎರಡನ್ನೂ ಇಲ್ಲೇ ಮರತರು.
ಇದು ಯಾವುದೋ ಬ್ಯಾಂಕಿಂದು, ಪುಕ್ಕಟೆ ಕೊಟ್ಟದ್ದು.
ಗುಲಾಬಿ ಹೂವಿನದಕ್ಕೆ ಏನೂ ಹೇಳಲಿಲ್ಲ,
ದಾರ ಕಚ್ಚಿ ಹರಿದರು.

ಮೂಲೆಗೆ ಹಿತ್ತಾಳೆಯ ಕಣ್ಣು ಬೇಡವೆಂದೆ, ಭಾರ.
ಒಂದೊಂದು ಗಜ್ಜುಗ ಅರಿವೆಯಲ್ಲಿ ಸುತ್ತಿ
ಕುತ್ತಿಗೆಗೆ ಹಗ್ಗ ಬಿಗಿದೆ.
ಹೊಲಿಗೆಗಳ ಮೇಲೆ ಮೇಣಬತ್ತಿ ತಿಕ್ಕಿ ಇಸ್ತ್ರಿ ಆಡಿಸಿದೆ,
ಮನೆ ತುಂಬ ಕರೆಂಟು ಹೋದ ರಾತ್ರಿಯ ವಾಸನೆ.
ಮುರಿದ ಕಡ್ಡಿಗಳನ್ನೇ ಬಾಗಿಸಿ ಗೂಟ ಮಾಡಿಕೊಂಡೆ,
ನನ್ನ ಜಾಣತನಕ್ಕೆ ನಾನೇ ಹಿಗ್ಗಿದೆ.
ಕಿರಾಣಿ ತಕ್ಕಡಿಯಲ್ಲಿ ಬರೀ ಅರಿವೆ ನಾಲ್ಕುನೂರಾ ಮೂವತ್ತು ಗ್ರಾಂ.
ತೂಗಿದ ಹುಡುಗ ಕೇಳಿದ,
"ಇದರಷ್ಟು ಏನ್ ಹಾಕಲಿ ಅಕ್ಕಾರ, ಸೇಂಗಾನೋ ಪುಟಾಣಿನೋ?"

ಶನಿವಾರ ಸಾಲೆ ಬಿಟ್ಟ ಮೇಲೆ
ಕೋಟೆಕಲ್ಲ ಹಾದು ಗುಡ್ಡ ಹತ್ತಿದೆ.
ಗೂಟ ಹೊಡೆಯಹೋದರೆ ಎಲ್ಲ ಹಾಸುಬಂಡೆ,
ಕಡ್ಡಿಗಳು ಒಂದೇ ಏಟಿಗೆ ನಮಸ್ಕಾರ ಹಾಕಿದವು.
ಕೊನೆಗೆ ಒಂದು ಕಾರಿಕಂಟಿ, ಒಂದು ಬಡಿಗೆ,
ಉಳಿದದ್ದಕ್ಕೆಲ್ಲ ಕೆಂಪು ಕಲ್ಲು.
ತಗ್ಗಾಗಿ ಕಟ್ಟಿದೆ, ಗಾಳಿಗೆ ಬೆನ್ನು ಕೊಟ್ಟು;
ಕೂತರೆ ತಲೆ ತಾಗುತ್ತದೆ,
ಮಲಗಿದರೆ ಮೂಗಿನ ಮೇಲೆ ಒಂದು ಮೊಳ ಆಕಾಶ.

ನಡುರಾತ್ರಿ ಮಳೆ ಬಂತು.
ಟಪಾಲಿನವರ ಮೇಲೆ ಬಿತ್ತು, ಸಿಸ್ಟರ ಮೇಲೆ ಬಿತ್ತು,
ಮಾಸ್ತರರ ಮೇಲೆ ಎರಡು ಸಲ ಬಿತ್ತು,
ಸೇಠರ ಅಂಚಿನಿಂದ ದುಡ್ಡಿಲ್ಲದೆ ಇಳಿದು ಹೋಯಿತು.
ನಾನು ಒಣಗಿಯೇ ಇದ್ದೆ.
ಎಡಗಿವಿಯ ಪಕ್ಕ ಮಾತ್ರ ಒಂದು ಹನಿ;
ಹನ್ನೊಂದು ಎಣಿಸಿದರೆ ಇನ್ನೊಂದು.
ಸರಿದು ಮಲಗಿ, ಅದರ ಕೆಳಗೆ ಲೋಟ ಇಟ್ಟೆ.
ಬೆಳಗ್ಗೆ ಹಲ್ಲುಜ್ಜಲು ಸಾಕಾಯಿತು.

ಸೋಮವಾರ ಬಜಾರದಲ್ಲಿ ತಡೆದು ಕೇಳಿದರು:
"ಸೋರಿತೇನ್ರಿ?"
ಒಂದೇ ಕಡೆ, ಎಂದೆ.
"ಯಾವುದು?"
ಹೂವಿಂದು.
ಅರಿವೆ ಇಸಕೊಂಡು ಬೆಳಕಿಗೆ ಹಿಡಿದರು.
"ಹೊಸಾದಿದ್ದಾಗೂ ಸೋರತಿತ್ರಿ ಇದು.
ಛತ್ರಿಯವನ ಹೆಣತಿ ತೊಯ್ಸಿಕೊಂಡು ಬಂದಳಂದರ ಮಂದಿ ನಗತಾರ ಅಂತ
ಆಕಿ ಒಪ್ಪತಿದ್ದಿಲ್ಲ."

ಸೂಜಿಗೆ ದಾರ ಪೋಣಿಸಿದರು.
ಆಮೇಲೆ ಸೂಜಿ ಕೆಳಗಿಟ್ಟು
ಆ ತೂತಿಗೆ ಒಂದು ಕಣ್ಣು ಹಚ್ಚಿ
ಬಹಳ ಹೊತ್ತು ಬಜಾರ ನೋಡುತ್ತ ಕೂತರು.